ಹದಿನೆಂಟು ತುಂಬಿದವರಿಗೆ ವಾಪಸ್ ಬರಲು ಒಂದು ಮನೆ

ನಮ್ಮ ಕಡೆ ಜೂನ್ 1ರಂದು ಹುಟ್ಟಿದವರು ಬಹಳ ಜನ ಸಿಗುತ್ತಾರೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಮನೆಯವರಿಗೆ ನಿಜವಾದ ದಿನ ನೆನಪಿಲ್ಲ. ನೆನಪಿದ್ದರೂ, ಆ ವರ್ಷ ಕೆರೆ ಕೋಡಿ ಬಿದ್ದಿತ್ತು, ಶ್ರಾವಣ ಮಾಸ, ಸೋಮವಾರ ಇರಬೇಕು ಅನ್ನುವ ಥರದ ನೆನಪು. ನಮ್ಮಲ್ಲಿ ಹೆಚ್ಚಿನವರಿಗೆ ಇದರಿಂದ ದೊಡ್ಡ ತೊಂದರೆ ಏನೂ ಆಗಿಲ್ಲ. ರಿಟೈರ್ ಆಗುವಾಗ ಒಂದು ವರ್ಷ ಆಚೀಚೆ ಆಗಬಹುದು, ಅಷ್ಟೇ. ಬಾಲಮಂದಿರದಲ್ಲಿ ಬೆಳೆದ ಮಗುವಿಗೆ ಮಾತ್ರ ಆ ತಾರೀಕಿಗೆ ಬಹಳ ತೂಕ ಇದೆ. ಕಾಗದದ ಲೆಕ್ಕದಲ್ಲಿ 18 ತುಂಬಿತು ಅಂದರೆ ಮಲಗುವ ಜಾಗ, ಊಟದ ತಟ್ಟೆ, ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯ, ಎಲ್ಲವನ್ನೂ ಬಿಟ್ಟು ಹೊರಡಬೇಕು.

ಬಸ್ ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಸಿಕ್ಕ ಮಗುವಿಗೆ ವಯಸ್ಸು ಎಷ್ಟು ಅಂತ ಯಾರು ಹೇಳಬೇಕು? ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣ ಪತ್ರ ನೋಡಬೇಕು, ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪತ್ರ ನೋಡಬೇಕು, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ ಮಾಡಿಸಬೇಕು ಅನ್ನುತ್ತದೆ ಕಾನೂನು. ಎಕ್ಸ್‌ರೇ ನೋಡಿ ಹೇಳುವ ವಯಸ್ಸು 2 ವರ್ಷ ಹಿಂದೆ ಮುಂದೆ ಆಗಬಹುದು ಅಂತ ಸುಪ್ರೀಂ ಕೋರ್ಟೇ 1982ರಲ್ಲಿ ಒಂದು ತೀರ್ಪಿನಲ್ಲಿ ಹೇಳಿದೆ. ಅಂದರೆ 18 ಆಯ್ತು ಅಂತ ಬ್ಯಾಗು ಹಿಡಿದು ಹೊರಡುವ ಹುಡುಗನಿಗೆ ನಿಜವಾಗಿ 16 ಆಗಿರಬಹುದು. ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ನಾನು ನಮ್ಮ ಜಿಲ್ಲೆಯ ಒಂದು ಬಾಲಮಂದಿರಕ್ಕೆ ಕೆಲವು ವರ್ಷಗಳಿಂದ ಭಾನುವಾರ ಹೋಗಿಬರುತ್ತೇನೆ. ಹತ್ತನೇ ಕ್ಲಾಸಿನ ಹುಡುಗರಿಗೆ ಗಣಿತ ಹೇಳಿಕೊಡುವ ಕೆಲಸ. ಆಗ ಸಣ್ಣವರಿದ್ದ ಕೆಲವರು ಈಗ ಹೊರಗಿದ್ದಾರೆ. ಕೆಲವರು ಫೋನ್ ಮಾಡುತ್ತಾರೆ. ಇನ್ನು ಕೆಲವರ ನಂಬರ್ ಬದಲಾಗಿದೆ, ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಈ ಬರಹ ಅವರನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿರುವುದು.

ಬಾಲಮಂದಿರ ಅಂದ ಕೂಡಲೇ ಜನ ಅನಾಥಾಶ್ರಮ ಅಂದುಕೊಳ್ಳುತ್ತಾರೆ. ಅಲ್ಲಿರುವ ಮಕ್ಕಳಲ್ಲಿ ಎಷ್ಟೋ ಜನರಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ. ಗಂಡ ಸತ್ತ ಮೇಲೆ ಕೂಲಿಗೆ ಹೋಗುವ ತಾಯಿ ಬಿಟ್ಟುಹೋದ ಮಗು ಇರುತ್ತದೆ. ಕುಡಿದು ಹೊಡೆಯುವ ಅಪ್ಪನಿಂದ ತಪ್ಪಿಸಿಕೊಂಡು ರೈಲು ಹತ್ತಿದ ಹುಡುಗ ಇರುತ್ತಾನೆ. ಗ್ಯಾರೇಜಿನಲ್ಲೋ ಇಟ್ಟಿಗೆ ಗೂಡಿನಲ್ಲೋ ದುಡಿಯುತ್ತಿದ್ದವರು, ಬಾಲ್ಯವಿವಾಹ ನಿಲ್ಲಿಸಿ ಕರೆತಂದ ಹುಡುಗಿಯರು ಇರುತ್ತಾರೆ. ಕೇಂದ್ರ ಸರ್ಕಾರ ಮಾಡಿಸಿದ ಒಂದು ಸಮೀಕ್ಷೆಯ ವರದಿ 2018ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಇಂಥ 9,589 ಸಂಸ್ಥೆಗಳಿದ್ದವು, ಅವುಗಳಲ್ಲಿ 3.7 ಲಕ್ಷ ಮಕ್ಕಳಿದ್ದರು. ನಮ್ಮಲ್ಲಿ ಬೇರೆ ಕುಟುಂಬದಲ್ಲಿ ಮಗುವನ್ನು ಇಟ್ಟು ಬೆಳೆಸುವ ಪೋಷಕತ್ವದ ವ್ಯವಸ್ಥೆ ಕಾನೂನಿನಲ್ಲಿದೆ, 2024ರಲ್ಲಿ ಅದರ ಮಾರ್ಗಸೂಚಿಯನ್ನೂ ಹೊಸದು ಮಾಡಿದರು. ಆದರೂ ಮನೆಯಿಂದ ದೂರವಾದ ಹೆಚ್ಚಿನ ಮಕ್ಕಳು ಬೆಳೆಯುವುದು ಸಂಸ್ಥೆಗಳಲ್ಲೇ.

ಸಂಸ್ಥೆಯಲ್ಲಿ ಬೆಳೆಯುವುದು ಅಂದರೆ ಗಂಟೆಗೆ ತಕ್ಕ ಹಾಗೆ ಬೆಳೆಯುವುದು. ಏಳುವುದಕ್ಕೆ ಒಂದು ಗಂಟೆ, ಪ್ರಾರ್ಥನೆಗೆ ಒಂದು, ತಿಂಡಿಗೆ ಒಂದು, ಓದುವುದಕ್ಕೆ, ಮಲಗುವುದಕ್ಕೆ. ಇದರಲ್ಲಿ ಒಳ್ಳೆಯದೂ ಇದೆ. ಹೊಟ್ಟೆ ತುಂಬಾ ಊಟ ಸಿಗುತ್ತದೆ, ಶಾಲೆ ತಪ್ಪುವುದಿಲ್ಲ, ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಅಡುಗೆಯವರು, ಗೃಹಪಾಲಕರು ಎಷ್ಟೋ ಜನ ಮಕ್ಕಳನ್ನು ತುಂಬಾ ಹಚ್ಚಿಕೊಂಡಿರುತ್ತಾರೆ. ಆದರೆ 17 ವರ್ಷದ ಹುಡುಗ ಒಂದು ಸಲವೂ ಅಂಗಡಿಗೆ ಹೋಗಿ ಅರ್ಧ ಕೆಜಿ ಬೇಳೆ ತಂದಿರುವುದಿಲ್ಲ. ಅಕ್ಕಿಗೆ ಎಷ್ಟು ನೀರು ಇಡಬೇಕು ಗೊತ್ತಿರುವುದಿಲ್ಲ. ಅಡುಗೆಮನೆಗೆ ಮಕ್ಕಳನ್ನು ಬಿಡುವುದಿಲ್ಲ, ಗ್ಯಾಸ್ ಇರುತ್ತದೆ, ಏನಾದರೂ ಆದರೆ ಸಿಬ್ಬಂದಿ ಉತ್ತರ ಕೊಡಬೇಕು. ಒಬ್ಬನೇ ಬಸ್ ಹತ್ತಿ ಪಕ್ಕದ ಊರಿಗೆ ಹೋಗಿರುವುದಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಿರುವುದಿಲ್ಲ. ಕೈಯಲ್ಲಿ ನೂರು ರೂಪಾಯಿ ಇಟ್ಟುಕೊಂಡು, ಇದನ್ನು ಇವತ್ತು ಖರ್ಚು ಮಾಡಲಾ ನಾಳೆಗೆ ಇಡಲಾ ಅಂತ ಯೋಚಿಸುವ ಸಂದರ್ಭವೇ ಬಂದಿರುವುದಿಲ್ಲ. ನಮ್ಮ ಮನೆಯ ಮಕ್ಕಳು ಇದನ್ನೆಲ್ಲ ಪಾಠ ಅಂತ ಕಲಿಯುವುದಿಲ್ಲ, ಅಮ್ಮನ ಹಿಂದೆ ಮುಂದೆ ಓಡಾಡಿಕೊಂಡು ಸುಮ್ನೆ ಕಲಿತುಬಿಡುತ್ತಾರೆ.

ಇಂಥ ಹುಡುಗ ಹೊರಗೆ ಬಂದರೆ ಮೊದಲು ಹುಡುಕುವುದು ಸಂಬಳವನ್ನಲ್ಲ, ಮಲಗಲು ಜಾಗ ಕೊಡುವ ಕೆಲಸವನ್ನು. ಹೋಟೆಲ್, ಬೇಕರಿ, ಸೆಕ್ಯುರಿಟಿ ಏಜೆನ್ಸಿ, ಕಲ್ಯಾಣ ಮಂಟಪದ ಕೇಟರಿಂಗ್. ಊಟ ವಸತಿ ಇದೆ ಅಂದರೆ ಸಾಕು, ಎಷ್ಟು ಕೊಡುತ್ತೀರಿ ಅಂತ ಗಟ್ಟಿಯಾಗಿ ಕೇಳುವುದೂ ಇಲ್ಲ. ನಮ್ಮ ಹುಡುಗರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇದರ ಕಷ್ಟ ಏನು ಅಂದರೆ, ಕೆಲಸ ಹೋದ ದಿನವೇ ಮನೆಯೂ ಹೋಗುತ್ತದೆ. ಮಾಲೀಕ ಬೈದರೆ ಸಹಿಸಿಕೊಳ್ಳಬೇಕು, ಹದಿನಾಲ್ಕು ಗಂಟೆ ದುಡಿಸಿದರೆ ದುಡಿಯಬೇಕು. ಬಿಟ್ಟರೆ ರಾತ್ರಿ ಮಲಗುವುದು ಬಸ್ ಸ್ಟ್ಯಾಂಡಿನಲ್ಲಿ. 2020ರ ಲಾಕ್‌ಡೌನ್ ಬಂದಾಗ ಹೋಟೆಲ್‌ಗಳು ಬಾಗಿಲು ಹಾಕಿದವು. ಕೆಲಸಗಾರರೆಲ್ಲ ಊರಿಗೆ ಹೊರಟರು, ನಡೆದುಕೊಂಡಾದರೂ ಹೊರಟರು. ಬಾಲಮಂದಿರದಿಂದ ಬಂದ ಹುಡುಗರು ಹೊರಡುವುದು ಎಲ್ಲಿಗೆ?

ಬೇರೆ ರೂಮು ಮಾಡಿಕೊಳ್ಳೋಣ ಅಂದರೆ ಮನೆ ಮಾಲೀಕರ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಊರು? ಯಾರ ಮಗ? ಯಾವ ಜನ? ನಮ್ಮ ನಾಡಿನಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಒಂದು ಶೀಟ್ ಮನೆಯೂ ಸಿಗುವುದಿಲ್ಲ. ಉತ್ತರ ಗೊತ್ತಿಲ್ಲದವನು ತಡವರಿಸುತ್ತಾನೆ. ಬಾಲಮಂದಿರ ಅಂದರೆ ಮಾಲೀಕರ ಮುಖ ಬದಲಾಗುತ್ತದೆ, ಏನೋ ತಪ್ಪು ಮಾಡಿ ಒಳಗೆ ಹೋದವನು ಅಂತ ತಿಳಿಯುವವರೇ ಜಾಸ್ತಿ. ಆಧಾರ್ ಕಾರ್ಡಿನಲ್ಲಿ ಸಂಸ್ಥೆಯ ವಿಳಾಸ ಇರುತ್ತದೆ. ಅದನ್ನು ಬದಲಾಯಿಸಲು ಹೊಸ ವಿಳಾಸದ ಪುರಾವೆ ಬೇಕು. ಪುರಾವೆಗೆ ಬಾಡಿಗೆ ಕರಾರು ಪತ್ರ ಬೇಕು. ಕರಾರು ಮಾಡಿಸಲು ಅಡ್ವಾನ್ಸ್ ಬೇಕು, ಜೊತೆಗೆ ಒಬ್ಬ ದೊಡ್ಡವರು ಬೇಕು.

ಓದು ಮುಂದುವರಿಸುವವರಿಗೆ ಬೇರೆ ಥರದ ಅಡ್ಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅಲ್ಲಿ ತಂದೆಯ ಕಡೆಯ ದಾಖಲೆ ಕೇಳುತ್ತಾರೆ. ತಂದೆ ಯಾರು ಅಂತಲೇ ಗೊತ್ತಿಲ್ಲದವರ ಕಥೆ ಅಲ್ಲಿಗೆ ನಿಂತುಹೋಗುತ್ತದೆ. ಮಹಾರಾಷ್ಟ್ರದಲ್ಲಿ ಇದೇ ವಿಷಯ ಒಬ್ಬ ಯುವತಿಯ ಹಟದಿಂದ ಬೆಳಕಿಗೆ ಬಂತು. ಅಮೃತಾ ಕರವಂದೆ ಗೋವಾದ ಅನಾಥಾಶ್ರಮದಲ್ಲಿ ಬೆಳೆದವರು. 18ಕ್ಕೆ ಅಲ್ಲಿಂದ ಹೊರಟು ಪುಣೆಗೆ ಬಂದರು, ಕಷ್ಟಪಟ್ಟು ಓದಿದರು, ಸರ್ಕಾರಿ ಕೆಲಸದ ಪರೀಕ್ಷೆ ಬರೆದರು. ಯಾವ ವರ್ಗಕ್ಕೂ ಸೇರಿದವರು ಅಂತ ತೋರಿಸಲು ಅವರ ಬಳಿ ಕಾಗದ ಇರಲಿಲ್ಲ. ಕೊನೆಗೆ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅವರನ್ನೇ ಹೋಗಿ ಕಂಡರು. 2018ರಲ್ಲಿ ಅಲ್ಲಿನ ಸರ್ಕಾರ ಅನಾಥರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ 1% ಮೀಸಲಾತಿ ತಂದಿತು. ಒಬ್ಬ ಹುಡುಗಿ ಅಷ್ಟು ದೂರ ನಡೆದಿದ್ದು ದೊಡ್ಡ ವಿಷಯವೇ. ಆದರೆ ಪ್ರತಿಯೊಬ್ಬರೂ ಮುಖ್ಯಮಂತ್ರಿ ಬಾಗಿಲಿಗೆ ಹೋಗಿ ನಿಲ್ಲಬೇಕಾ?

ಹುಡುಗಿಯರ ದಾರಿ ಸ್ವಲ್ಪ ಬೇರೆ. 18 ತುಂಬಿದ ಮೇಲೆ ಹೋಗಲು ಜಾಗ ಇಲ್ಲದವರು ಹೆಚ್ಚಾಗಿ ರಾಜ್ಯ ಮಹಿಳಾ ನಿಲಯಕ್ಕೆ ಹೋಗುತ್ತಾರೆ. ಉಡುಪಿಯ ನಿಟ್ಟೂರು, ದಾವಣಗೆರೆ, ಹುಬ್ಬಳ್ಳಿ ಮುಂತಾದ ಕಡೆ ಈ ನಿಲಯಗಳಿವೆ. ಅಲ್ಲಿ ನಡೆಯುವ ಮದುವೆಗಳ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಜಿಲ್ಲಾಧಿಕಾರಿ ದಂಪತಿ ಧಾರೆ ಎರೆಯುತ್ತಾರೆ, ಅಧಿಕಾರಿಗಳೇ ಬೀಗರಾಗಿ ನಿಂತು ಊಟ ಬಡಿಸುತ್ತಾರೆ. ಗಂಡಿನ ಮನೆ, ಕೆಲಸ, ಆರೋಗ್ಯ ಎಲ್ಲ ವಿಚಾರಿಸಿಯೇ ಹುಡುಗಿ ಕೊಡುತ್ತಾರೆ. ಆ ಫೋಟೊಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂತೋಷ ಆಗುತ್ತದೆ. ಎಷ್ಟೋ ಹುಡುಗಿಯರಿಗೆ ಅದೇ ಮೊದಲ ಸ್ವಂತ ಮನೆ. ಜೊತೆಗೇ ಒಂದು ಕಳವಳವೂ ಆಗುತ್ತದೆ. ಮದುವೆಯನ್ನೇ ಪುನರ್ವಸತಿ ಅಂತ ಲೆಕ್ಕಕ್ಕೆ ಬರೆದುಕೊಂಡರೆ, ಓದಬೇಕು, ನರ್ಸ್ ಆಗಬೇಕು ಅಂದ ಹುಡುಗಿಯ ಮಾತು ಯಾರ ಕಿವಿಗೆ ಬೀಳುತ್ತದೆ? ಮದುವೆಯಾದ ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಯಾರು ತರುತ್ತಾರೆ? ಚೊಚ್ಚಲ ಹೆರಿಗೆಗೆ ಎಲ್ಲಿಗೆ ಹೋಗಬೇಕು? ಗಂಡ ಕೈ ಎತ್ತಿದ ರಾತ್ರಿ, ನಾಲ್ಕು ದಿನ ಇದ್ದು ಬರುತ್ತೇನೆ ಅಂತ ಚೀಲ ಹಿಡಿದು ಹೊರಡುವ ಧೈರ್ಯ ನಮ್ಮ ಮನೆ ಹೆಣ್ಣುಮಕ್ಕಳಿಗೆ ಬರುವುದು ತವರು ಅಂತ ಒಂದು ಇದೆ ಅನ್ನುವುದರಿಂದ. ಮಹಿಳಾ ನಿಲಯದ ಎಷ್ಟೋ ಸಿಬ್ಬಂದಿ ತವರಿನವರ ಹಾಗೇ ವಿಚಾರಿಸಿಕೊಳ್ಳುತ್ತಾರೆ. ಅದು ಅವರ ದೊಡ್ಡ ಮನಸ್ಸು. ಆದರೆ ಅವರಿಗೆ ಬೇರೆ ಜಿಲ್ಲೆಗೆ ವರ್ಗ ಆದರೆ?

ಕಾನೂನಿಗೆ ಇದೆಲ್ಲ ಗೊತ್ತೇ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಂಸ್ಥೆ ಬಿಟ್ಟವರಿಗೆ 21 ವರ್ಷದವರೆಗೆ ಅನುಪಾಲನೆ, ಅಂದರೆ ಹೊರಗೆ ಬಂದ ಮೇಲೂ ನೋಡಿಕೊಳ್ಳುವ ಒಂದು ವ್ಯವಸ್ಥೆ ಇದೆ. ವಿಶೇಷ ಸಂದರ್ಭದಲ್ಲಿ 23ರವರೆಗೂ ಮುಂದುವರಿಸಬಹುದು. 2016ರ ನಿಯಮಗಳನ್ನು ಓದಿದರೆ ಮನಸ್ಸು ತುಂಬುತ್ತದೆ. ಆರರಿಂದ ಎಂಟು ಜನ ಒಟ್ಟಿಗೆ ಇರಲು ಮನೆ, ತರಬೇತಿ ಸಮಯದಲ್ಲಿ ಭತ್ಯೆ, ಸ್ವಂತ ಕೆಲಸಕ್ಕೆ ಸಾಲ, ಆಗಾಗ ಬಂದು ಮಾತಾಡಿಸುವ ಆಪ್ತಸಮಾಲೋಚಕರು, ಎಲ್ಲವೂ ಅದರಲ್ಲಿದೆ. ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಬರೆಯಬೇಕು, ಬಿಡುಗಡೆಗೆ ಮೊದಲೇ ಮುಂದಿನ ದಾರಿ ಯೋಚಿಸಬೇಕು ಅಂತಲೂ ಇದೆ. ಹಣದ ವಿಷಯಕ್ಕೆ ಬಂದರೆ, ಕೊಡಲೇಬೇಕು ಅಂತ ಕಾಯ್ದೆ ಕಟ್ಟುಮಾಡಿಲ್ಲ, ಕೊಡುವ ಅವಕಾಶವನ್ನಷ್ಟೇ ಇಟ್ಟಿದೆ. ಮಕ್ಕಳ ರಕ್ಷಣೆಗೆ ಅಂತ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಬ್ಬರಿಗೆ ತಿಂಗಳಿಗೆ 4,000 ರೂಪಾಯಿ. ಮೊದಲು 2,000 ಇತ್ತು, ಹೆಚ್ಚಿಸಿದ್ದು ಒಳ್ಳೆಯದಾಯಿತು. ಆದರೆ ಬೆಂಗಳೂರಿನಲ್ಲಿ ಪಿಜಿಯ ಒಂದು ಮಂಚಕ್ಕೇ ಅದಕ್ಕಿಂತ ಜಾಸ್ತಿ ಕೇಳುತ್ತಾರೆ. ಅನುಪಾಲನಾ ಗೃಹಗಳು ಇರುವುದು ರಾಜ್ಯದ 31 ಜಿಲ್ಲೆಗಳಲ್ಲಿ ಕೆಲವು ಕಡೆ ಮಾತ್ರ. ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆ ಸಿಗುವುದು ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ. ಪಿಯುಸಿಗೇ ಓದು ನಿಂತ ನಮ್ಮ ಹುಡುಗರಿಗೆ ಅದು ಎಟುಕುವುದಿಲ್ಲ. ಕಷ್ಟ ಅಂದರೆ 1098ಕ್ಕೆ ಫೋನ್ ಮಾಡು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತೇವೆ, ಅದು 18ರ ಒಳಗಿನವರಿಗೆ ಇರುವ ಸಹಾಯವಾಣಿ.

ಗಂಡು ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಸಂಸಾರದ ಹೊರೆ ಹೊರಲು 18 ಸಾಲದು ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ವಾ? ಇನ್ನೊಂದು ಕಡೆಯೂ ಒಪ್ಪಿಕೊಂಡಿದೆ. ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಒಂದು ಯೋಜನೆ ತಂದಿತು. ಅದರಲ್ಲಿ ಮಗುವಿನ ಹೆಸರಿನಲ್ಲಿ 10 ಲಕ್ಷ ರೂಪಾಯಿ ಇಡುತ್ತಾರೆ. 18ರಿಂದ 23ರವರೆಗೆ ತಿಂಗಳು ತಿಂಗಳು ಭತ್ಯೆ, 23ಕ್ಕೆ ಪೂರ್ತಿ ಹಣ. 18ಕ್ಕೆ ಮಗು ಒಬ್ಬನೇ ನಿಲ್ಲಲಾರದು, ಐದು ವರ್ಷ ಕೈ ಹಿಡಿಯಬೇಕು ಅನ್ನುವುದು ಆ ಲೆಕ್ಕದಲ್ಲಿದೆ. ಅದು ಸರಿಯಾದ ಲೆಕ್ಕ. ಅಪ್ಪ ಅಮ್ಮ ಕ್ಷಯದಿಂದ ಸತ್ತಿದ್ದರೆ, ಅಪಘಾತದಲ್ಲಿ ಹೋಗಿದ್ದರೆ, ಬಿಟ್ಟೇ ಹೋಗಿದ್ದರೆ, ಅಂಥ ಮಗುವಿಗೂ ಅದೇ ಲೆಕ್ಕ ಹಿಡಿಯಬೇಕಲ್ಲವೇ ಅಂತ ನಾನು ಕೇಳುತ್ತೇನೆ. ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆ ಕೊಟ್ಟಿದ್ದು ಹೆಚ್ಚಾಯಿತು ಅಂತ ನಾನು ಹೇಳುತ್ತಿಲ್ಲ. ಉಳಿದವರಿಗೂ ಅಷ್ಟು ಬೇಕು ಅನ್ನುತ್ತಿದ್ದೇನೆ.

ಅಮೆರಿಕದಲ್ಲಿ ಇಂಥ ಮಕ್ಕಳು ಹೆಚ್ಚಾಗಿ ಪೋಷಕ ಕುಟುಂಬಗಳಲ್ಲಿ ಬೆಳೆಯುತ್ತಾರೆ. ಅಲ್ಲೂ ಬಹಳ ಕಾಲ 18ಕ್ಕೆ ಎಲ್ಲ ನಿಲ್ಲುತ್ತಿತ್ತು. ಇಲಿನಾಯ್‌ನಂಥ ಕೆಲವೇ ರಾಜ್ಯಗಳು 21ರವರೆಗೆ ಇಟ್ಟುಕೊಳ್ಳುತ್ತಿದ್ದವು. ಇಲಿನಾಯ್ ಪಕ್ಕದ ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳು 18ಕ್ಕೆ ಕಳಿಸುತ್ತಿದ್ದವು. ಮಾರ್ಕ್ ಕೋರ್ಟ್ನಿ ಅನ್ನುವ ಸಂಶೋಧಕರು ಮತ್ತು ಅವರ ತಂಡ ಈ ಮೂರೂ ರಾಜ್ಯಗಳ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಹೆಚ್ಚು ಕಾಲ ಆಸರೆ ಸಿಕ್ಕವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಜಾಸ್ತಿ ಇದ್ದರು. 2008ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಕಾನೂನು ತಂದು, 21ರವರೆಗೆ ಆಸರೆ ಕೊಡುವ ರಾಜ್ಯಗಳಿಗೆ ಹಣ ಕೊಡಲು ಶುರುಮಾಡಿತು. ಇಂಗ್ಲೆಂಡಿನಲ್ಲಿ 2014ರಿಂದ, ಮಗುವಿಗೂ ಪೋಷಕ ಕುಟುಂಬಕ್ಕೂ ಒಪ್ಪಿಗೆ ಇದ್ದರೆ 21ರವರೆಗೆ ಅದೇ ಮನೆಯಲ್ಲಿ ಉಳಿಯಬಹುದು. ಅಲ್ಲೂ ಎಲ್ಲ ಸರಿಯಾಗಿದೆ ಅಂತಲ್ಲ. ವಯಸ್ಸು ಮುಂದೆ ಹಾಕಿದರೆ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ಆದರೆ ವಯಸ್ಸು ಮುಂದೆ ಹಾಕುವುದಕ್ಕಿಂತಲೂ ಮುಖ್ಯ ಅಂತ ನನಗೆ ಅನ್ನಿಸುವುದು ಬೇರೆ ಒಂದಿದೆ. ನಮ್ಮ ಮನೆಗಳಲ್ಲಿ ಮಕ್ಕಳು ಒಂದೇ ಸಲ ಹೊರಟುಹೋಗುವುದಿಲ್ಲ. ಬೆಂಗಳೂರಿಗೆ ಹೋಗುತ್ತಾರೆ, ಆಗಲ್ಲ ಅಂತ ವಾಪಸ್ ಬರುತ್ತಾರೆ. ಆರು ತಿಂಗಳು ಊರಲ್ಲಿ ಇರುತ್ತಾರೆ, ಅಪ್ಪನ ಬೈಗುಳ ತಿನ್ನುತ್ತಾರೆ, ಮತ್ತೆ ಹೋಗುತ್ತಾರೆ. ಕೆಲಸ ಬಿಡುತ್ತಾರೆ, ಕೋರ್ಸ್ ಬದಲಾಯಿಸುತ್ತಾರೆ. ಯುಗಾದಿಗೆ ಬಂದು ಹೋಳಿಗೆ ತಿಂದು, ಉಪ್ಪಿನಕಾಯಿ ಕಟ್ಟಿಸಿಕೊಂಡು ಬಸ್ ಹತ್ತುತ್ತಾರೆ. ಮೂವತ್ತು ದಾಟಿದ ಮೇಲೂ ಇದು ನಡೆಯುತ್ತಲೇ ಇರುತ್ತದೆ. ನಾವು ದೊಡ್ಡವರಾಗಿದ್ದು ಹೀಗೆ ಹೋಗಿ ಬಂದು, ಹೋಗಿ ಬಂದು. ಬಾಲಮಂದಿರದ ಮಗುವಿಗೆ ಹೋಗುವುದು ಮಾತ್ರ ಇದೆ. ಒಮ್ಮೆ ಹೆಸರು ತೆಗೆದ ಮೇಲೆ, ಕೆಲಸ ಹೋಯ್ತು, ಹತ್ತು ದಿನ ಇರುತ್ತೇನೆ ಅಂತ ಬಂದರೆ ಅಧೀಕ್ಷಕರಿಗೆ ಮನಸ್ಸಿದ್ದರೂ ಸೇರಿಸಿಕೊಳ್ಳುವಂತಿಲ್ಲ. ಒಳಗೆ ಚಿಕ್ಕ ಮಕ್ಕಳಿದ್ದಾರೆ, 18 ದಾಟಿದವರನ್ನು ಅವರ ಜೊತೆ ಇಡಬಾರದು. ಆ ನಿಯಮ ಸರಿಯೇ, ಮಕ್ಕಳ ಸುರಕ್ಷತೆಗೆ ಬೇಕು. ಹಾಗಾದರೆ ಅವನು ಬರಲು ಇನ್ನೊಂದು ಬಾಗಿಲು ಬೇಕು. ಸೋತರೆ ಹೋಗಲು ಜಾಗ ಇದೆ ಅಂತ ಗೊತ್ತಿದ್ದವನು ಮಾತ್ರ ಕೆಟ್ಟ ಮಾಲೀಕನಿಗೆ, ಆಗಲ್ಲ ಸ್ವಾಮಿ ಅಂತ ಹೇಳಬಲ್ಲ. ಇಂಥ ಕೆಲಸವೇ ಬೇಕು ಅಂತ ಕಾಯಬಲ್ಲ. ಹುಡುಗಿಯಾದರೆ, ಈ ಗಂಡು ಬೇಡ ಅನ್ನಬಲ್ಲಳು.

ಇಂಥ ಬಾಗಿಲನ್ನು ನಮ್ಮ ಹುಡುಗರು ತಾವೇ ಮಾಡಿಕೊಂಡಿದ್ದಾರೆ. ಕೆಲವು ವರ್ಷದ ಹಿಂದೆ ಹೊರಗೆ ಬಂದ ಹಿರಿಯರು ಸೇರಿ ಕೈಗಾರಿಕಾ ಪ್ರದೇಶದ ಹತ್ತಿರ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದಾರೆ. ಒಬ್ಬ ಸಿಎನ್‌ಸಿ ಯಂತ್ರದ ಆಪರೇಟರ್, ಒಬ್ಬ ಡೆಲಿವರಿ ಮಾಡುತ್ತಾನೆ, ಇನ್ನೊಬ್ಬ ಎಲೆಕ್ಟ್ರಿಷಿಯನ್. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಹೊರಗೆ ಬರುವವರು ಮೊದಲು ಇಳಿಯುವುದು ಅಲ್ಲಿಗೇ. ಕೆಲಸ ಸಿಗುವ ತನಕ ಬಾಡಿಗೆ ಕೇಳುವುದಿಲ್ಲ, ಪಾತ್ರೆ ತೊಳೆಯಬೇಕು, ಅನ್ನ ಮಾಡುವುದು ಕಲಿಯಬೇಕು. ಎಟಿಎಂ ಕಾರ್ಡ್ ಹೇಗೆ ಹಾಕಬೇಕು, ಸಂಬಳದ ಚೀಟಿಯಲ್ಲಿ ಪಿಎಫ್ ಹಿಡಿದಿದ್ದಾರಾ ಅಂತ ಹೇಗೆ ನೋಡಬೇಕು, ಎಲ್ಲ ಹೇಳಿಕೊಡುತ್ತಾರೆ. ಕೆಲಸ ಕಳೆದುಕೊಂಡವರೂ ಅಲ್ಲಿಗೇ ಬರುತ್ತಾರೆ. ದೀಪಾವಳಿಗೆ ಎಲ್ಲರೂ ಸೇರುತ್ತಾರೆ, ಮಲಗಲು ಜಾಗ ಸಾಲದೆ ಟೆರೇಸ್ ಮೇಲೆ ಚಾಪೆ ಹಾಸುತ್ತಾರೆ. ನಿಯಮದಲ್ಲಿ ಬರೆದ ಆರರಿಂದ ಎಂಟು ಜನರ ಮನೆ ಅಂದರೆ ಇದೇ ಅಲ್ವಾ? ಸರ್ಕಾರದ ಒಂದು ರೂಪಾಯಿಯೂ ಇದರಲ್ಲಿ ಇಲ್ಲ.

ಅವರನ್ನು ಕೇಳಿದರೆ ಬೇಕಾಗಿರುವುದು ದೊಡ್ಡದೇನಲ್ಲ. ಇನ್ನೊಂದು ಮನೆ ಹಿಡಿಯಲು ಅಡ್ವಾನ್ಸ್. ಈ ದುಡ್ಡು ಖರ್ಚಾಗಿ ಹೋಗುವುದಿಲ್ಲ, ಮನೆ ಬಿಟ್ಟಾಗ ಹೆಚ್ಚುಕಡಿಮೆ ಅಷ್ಟೂ ವಾಪಸ್ ಬರುತ್ತದೆ, ಮುಂದಿನವರಿಗೆ ಕೊಡಬಹುದು. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇದಕ್ಕೆ ಅಂತ ಒಂದು ಸಣ್ಣ ನಿಧಿ ಇಟ್ಟರೆ ಎಷ್ಟು ಮನೆ ಆಗಬಹುದು ಅಂತ ಯೋಚಿಸಿ. ಅದು ಆಗುವ ತನಕ ನಮ್ಮಂಥವರು ಕೈ ಹಾಕಬಹುದು. ಅವರಿಗೆ ಬೇಕಾದ ಇನ್ನೊಂದು, ಕರಾರು ಪತ್ರದಲ್ಲಿ ಸಾಕ್ಷಿಯಾಗಿ ಸಹಿ ಹಾಕುವ ಒಬ್ಬ ದೊಡ್ಡವರು. ಯಾರು ಗ್ಯಾರಂಟಿ ಅಂತ ಮಾಲೀಕರು ಕೇಳಿದಾಗ ತೋರಿಸಲು ಒಂದು ಹೆಸರು, ಒಂದು ಫೋನ್ ನಂಬರ್. ನಾನು ನನ್ನದು ಕೊಟ್ಟಿದ್ದೇನೆ. ಮನೆಯವರು ಮೊದಲು ಹೆದರಿದರು, ನಾಳೆ ಏನಾದರೂ ಆದರೆ ನಿಮ್ಮ ತಲೆಗೇ ಬರುತ್ತದೆ ಅಂತ. ಇದುವರೆಗೆ ಒಂದು ದೂರೂ ಬಂದಿಲ್ಲ. ಮಾಲೀಕರು ಮೊನ್ನೆ ಒಂದು ಸಲ ಫೋನ್ ಮಾಡಿದ್ದರು. ಮೇಲಿನ ಪೋರ್ಷನ್ ಖಾಲಿ ಆಗುತ್ತಿದೆ, ಹುಡುಗರು ಇನ್ನೂ ಯಾರಾದರೂ ಇದ್ದರೆ ಕಳಿಸಿ ಅಂದರು.